ಒಲಿ ಆರೇತೇನ್ರಿ?

ನಮ್ಮ ಚಾಳಿನ ಮೆಟ್ಟಿಲ ಬುಡದಲ್ಲಿ ಉಸುಕು ತುಂಬಿದ ಎರಡು ತಗಡಿನ ಡಬ್ಬಿಗಳಿದ್ದವು. ಉಸುಕು ಪಂಚಗಂಗೆಯದು, ಹೊತ್ತು ತಂದವನು ಸಾತಪ್ಪ. ಬೆಕ್ಕುಗಳು ಅದರಲ್ಲಿ ತಮ್ಮ ಕೆಲಸ ಮುಗಿಸಿಕೊಂಡು ಹೋಗುತ್ತಿದ್ದವು, ಎಲೆಯಡಿಕೆ ಜಗಿಯುವ ಗಂಡಸರು ಬರುವಾಗ ಹೋಗುವಾಗ ಅದರೊಳಗೇ ಉಗುಳುತ್ತಿದ್ದರು. ಶನಿವಾರಕ್ಕೊಮ್ಮೆ ಸಾತಪ್ಪ ಹಳೆಯ ಉಸುಕು ಚೆಲ್ಲಿ ಹೊಸದನ್ನು ತುಂಬುವನು. ಯಾರಿಗೂ ಒಂದು ಮಾತು ಅನ್ನುತ್ತಿರಲಿಲ್ಲ. ನಾನಾಗಿದ್ದರೆ ಒಬ್ಬೊಬ್ಬರ ಜನ್ಮ ಜಾಲಾಡಿಬಿಡುತ್ತಿದ್ದೆ.

ಇದು ಇಚಲಕರಂಜಿಯ ಮಾತು, ಸಾವಿರದ ಒಂಬೈನೂರ ನಲವತ್ತಮೂರನೆಯ ಇಸವಿ. ಎಲ್ಲೋ ದೂರದಲ್ಲಿ ಯುದ್ಧ ನಡೆದಿತ್ತು, ಅದರ ದೆಸೆಯಿಂದ ನಮ್ಮೂರ ಮಗ್ಗಗಳಿಗೆ ಹಗಲೂ ಇಲ್ಲ ರಾತ್ರಿಯೂ ಇಲ್ಲದಂತಾಗಿತ್ತು. ಕೆಲಸಕ್ಕೆ ಬಂದ ಮಂದಿಗೆ ತಲೆ ಇಡಲು ಖೋಲಿ ಸಿಗುತ್ತಿರಲಿಲ್ಲ. ನನ್ನ ಯಜಮಾನರಿಗೆ ನೂಲು ಮಾರುವ ಪೇಢಿಯಲ್ಲಿ ಕಾರಕೂನಿಕೆ ಸಿಕ್ಕಿತೆಂದು ನಾವು ಶಿರೋಳದಿಂದ ಬಂದು, ರಾವಸಾಹೇಬರ ಚಾಳಿನಲ್ಲಿ ಒಂದು ಖೋಲಿ ಹಿಡಿದಿದ್ದೆವು. ಕೆಳಗೆ ರಾವಸಾಹೇಬರ ಗೋದಾಮು, ತುಂಬ ಹತ್ತಿಯ ಕಸ, ಹರಿದ ನೂಲಿನ ಗಂಟುಗಳು. ಮೇಲೆ ಮರದ ಹಲಗೆಯ ನೆಲದ ಮೇಲೆ ಸಾಲಾಗಿ ಆರು ಖೋಲಿ, ಆರು ಒಲೆ. ಹತ್ತಿಗೂ ಬೆಂಕಿಗೂ ನಡುವೆ ಇದ್ದದ್ದು ಒಂದು ಬೆರಳು ದಪ್ಪದ ಹಲಗೆ. ಇದರಲ್ಲಿ ಹೆದರುವಂಥದ್ದೇನಿದೆ ಎಂದು ಆರು ಮನೆಯಲ್ಲಿ ಐದು ಮನೆಯವರು ತಿಳಿದಿದ್ದೆವು.

ಆರನೆಯವನು ಸಾತಪ್ಪ. ಸುಳಕೂಡದ ಕಡೆಯವನು, ನಲವತ್ತರ ಆಸುಪಾಸು, ಒಂಟಿ. ಮೆಟ್ಟಿಲ ಪಕ್ಕದ ಮೊದಲನೆಯ ಖೋಲಿ ಅವನದು, ಎರಡನೆಯದು ನಮ್ಮದು, ಮೂರನೆಯದು ಗೌರವ್ವನದು. ರಾತ್ರಿಪಾಳಿಗೆ ಮಗ್ಗಕ್ಕೆ ಹೋಗುವ ಮುಂಚೆ, ದೀಪ ಹಚ್ಚುವ ಹೊತ್ತಿಗೆ, ಆತ ಒಂದೊಂದೇ ಬಾಗಿಲ ಮುಂದೆ ನಿಂತು ಕೇಳುವನು:

"ಒಲಿ ಆರೇತೇನ್ರಿ?"

ಇದೆಂಥ ಮಾತೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ದೀಪ ಆರಿತು, ಒಲೆ ಆರಿತು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಲೆ ಆರುವುದೆಂದರೆ ಮನೆ ಹಾಳಾಗುವುದು, ವಂಶ ಮುಗಿಯುವುದು. ಅಂಥ ಮಾತನ್ನು ಮುಸ್ಸಂಜೆಯಲ್ಲಿ, ಹೊಸ್ತಿಲ ಮುಂದೆ ನಿಂತು, ಹೆಂಡತಿಯಿಲ್ಲದ ಗಂಡಸು ಕೇಳಿದರೆ ಯಾರ ಹೊಟ್ಟೆಯಲ್ಲಿ ಕಿಚ್ಚು ಬೀಳುವುದಿಲ್ಲ?

"ನಿನ್ನ ಒಲಿ ಆರೇತಿ ಅಂತ ನಮ್ಮದೂ ಆರಬೇಕೇನೋ ಭಾಡ್ಯಾ?" ಎಂದು ಗೌರವ್ವ ದಿನಾಲೂ ಬೈಯುವಳು.

"ಹಂಗಲ್ರಿ ಗೌರವ್ವಾ. ಕಟ್ಟಿಗಿ ಕುಳ್ಳು ಒಲೀಗೆ ಭಾಳ ಸಮೀಪ ಅದಾವ. ಅತ್ತಾಗ ಸರಸ್ರಿ," ಎಂದು ಹೇಳಿ ಮುಂದಿನ ಬಾಗಿಲಿಗೆ ಹೋಗುವನು. ಚಾಳಿನವರು ಅವನಿಗೆ ಬೂದಿ ಸಾತಪ್ಪ ಎಂದು ಹೆಸರಿಟ್ಟಿದ್ದರು. ಊರಿಗೆಲ್ಲ ಒಂದು ದಾರಿಯಾದರೆ ಬೂದಿಗೆ ಒಂದು ದಾರಿ ಎಂದು ನಾನೂ ನಕ್ಕವಳೇ.

ನಮ್ಮ ಬಾಗಿಲಲ್ಲಿ ಮಾತ್ರ ಆತ ಆ ಪ್ರಶ್ನೆ ಕೇಳುತ್ತಿರಲಿಲ್ಲ. ನಾವು ಜೈನರು, ಹೊತ್ತು ಮುಳುಗುವುದರೊಳಗೆ ಉಂಡು ಮುಗಿಸುವವರು. ಯಜಮಾನರು ಪೇಢಿಯಲ್ಲೇ ಬುತ್ತಿ ಬಿಚ್ಚುತ್ತಿದ್ದರು, ಆದ್ದರಿಂದ ದೀಪದ ಹೊತ್ತಿಗೆ ನನ್ನ ಒಲೆ ತಣ್ಣಗಾಗಿ ಬಳಿದು ಸಾರಿಸಿಯೂ ಆಗಿರುತ್ತಿತ್ತು. ಸಾತಪ್ಪ ಒಮ್ಮೆ ಒಳಗೆ ಕಣ್ಣು ಹಾಯಿಸಿ, "ನಿಮ್ಮ ಧರ್ಮ ಭಾಳ ಚಲೋ ಐತ್ರಿ ಮಾಣಿಕಕ್ಕಾ," ಎನ್ನುವನು. ಧರ್ಮದ ಬಗ್ಗೆ ಅವನಿಗೆ ಗೊತ್ತಿದ್ದದ್ದು ಅಷ್ಟೇ.

ಅವನ ಖೋಲಿಯೊಳಗೆ ದೀಪವನ್ನು ನಾನು ಒಂದು ದಿನವೂ ಕಾಣಲಿಲ್ಲ. ಬೆಳಿಗ್ಗೆ ಪಾಳಿ ಮುಗಿಸಿ ಬಂದು ನಾಲ್ಕು ರೊಟ್ಟಿ ಬಡಿಯುವನು, ಕೆಂಡದ ಮೇಲೆ ಚುಂಯ್ ಎಂದು ನೀರು ಸುರಿಯುವನು, ಆ ತಣ್ಣನೆಯ ರೊಟ್ಟಿಯನ್ನೇ ಮಧ್ಯಾಹ್ನಕ್ಕೂ ಸಂಜೆಗೂ ತಿನ್ನುವನು. ರಜೆಯ ದಿನ ಕತ್ತಲಾದ ಮೇಲೆ ಬಾಗಿಲು ತೆರೆದಿಟ್ಟು ಕತ್ತಲಲ್ಲೇ ಕುಳಿತಿರುವನು. ಗೋಡೆಯ ಈಚೆ ನಾನು ಯಜಮಾನರ ದಾರಿ ಕಾಯುತ್ತ ಕುಳಿತಿರುತ್ತಿದ್ದೆ. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ, ಮನೆಯೊಳಗೆ ಮಾತಿಗೆ ಮಂದಿ ಇಲ್ಲ. ಅವನ ಕೆಮ್ಮು ನನಗೆ ಕೇಳುತ್ತಿತ್ತು, ನನ್ನ ಬಳೆಯ ಸದ್ದು ಅವನಿಗೆ ಕೇಳುತ್ತಿದ್ದಿರಬೇಕು. ಇಬ್ಬರೂ ಒಬ್ಬರನ್ನೊಬ್ಬರು ಮಾತಾಡಿಸುತ್ತಿರಲಿಲ್ಲ.

ಕಾರ್ತಿಕದಲ್ಲಿ ಗೌರವ್ವನ ಮಗಳು ಇಂದುಬಾಯಿ ಚೊಚ್ಚಲ ಹೆರಿಗೆಗೆಂದು ಗಡಹಿಂಗ್ಲಜದ ಗಂಡನ ಮನೆಯಿಂದ ಬಂದಳು. ಬಂದ ಎರಡನೆಯ ದಿನ ಮಧ್ಯಾಹ್ನ ಸಾತಪ್ಪ ನನ್ನ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೆ ಕುಕ್ಕರಗಾಲಲ್ಲಿ ಕುಳಿತ.

"ಮಾಣಿಕಕ್ಕಾ, ಒಂದು ಮಾತು ಐತ್ರಿ. ಅದನ್ನ ಗೌರವ್ವಗ ನಾ ಹೇಳಾಕ ಬರೂದಿಲ್ಲ, ಹೆಣ್ಣಮಕ್ಕಳು ಹೇಳಬೇಕು."

ಆಮೇಲೆ ಹೇಳಿದ. ನೆಲ ನೋಡುತ್ತ, ನಿಲ್ಲಿಸಿ ನಿಲ್ಲಿಸಿ ಹೇಳಿದ.

"ನಾಗೂಬಾಯಿ ಅಂತ ನನ್ನ ಹೇಣ್ತಿ. ಒಂಬತ್ತು ವರ್ಷ ಆತ್ರಿ. ಅಕಿಗೆ ತವರು ಅನ್ನೋದು ಇರಲಿಲ್ಲ. ಕೊಲ್ಹಾಪುರದಾಗ ನಮ್ಮ ಭಾಡಿಗಿ ಖೋಲ್ಯಾಗ ಹಡದ್ಲು, ಗಂಡು. ಬಾಣಂತಿಗೆ ಗಾಳಿ ತಾಕಬಾರ್ದು ಅಂದ್ರು ಮಂದಿ. ಕಿಡಕಿಗೆ ಚಿಂದಿ ತುರಕಿದಾಂವ ನಾನ. ಹೊರಸಿನ ಕೆಳಗ ಇದ್ದಲಿ ಶೇಗಡಿ ಇಟ್ಟಾಂವ ನಾನ. ಬಾಗಲ ಎಳಕೊಂಡು ಕೆಲಸಕ್ಕ ಹೋದ್ನಿ. ಬಂದು ನೋಡಿದ್ರ ಇಬ್ರೂ ಮಲಗಿದ್ರು. ಹೊರಸು ಸುಟ್ಟಿರಲಿಲ್ಲ, ಕೌದಿ ಸುಟ್ಟಿರಲಿಲ್ಲ, ಮೈಮ್ಯಾಲ ಒಂದು ಗುಳ್ಳಿ ಇರಲಿಲ್ಲ. ನಾಗೂನ ಮಾರಿ ಕೆಂಪಗ ಇತ್ರಿ, ಈಗ ಎದ್ದು ಮಾತಾಡ್ತಾಳ ಅನ್ನೂಹಂಗ."

ಮತ್ತೆ ಹೇಳಿದ: "ಸಟವಿ ದೇವಿ ಒಯ್ದಳು ಅಂದ್ರು ಮಂದಿ. ದವಾಖಾನಿ ಡಾಕ್ಟರ ಒಬ್ರ ಕೇಳಿದ್ರು, ಕಿಡಕಿ ತೆಗದಿತ್ತೇನು ಅಂತ."

ನಮ್ಮ ಕಡೆ ಬಾಣಂತಿಯ ಹೊರಸಿನ ಕೆಳಗೆ ಇದ್ದಲಿಯ ಶೇಗಡಿ ಇಡುವುದು, ಅದಕ್ಕೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿ ತಾಯಿಗೂ ಕೂಸಿಗೂ ಕಾವು ಕೊಡುವುದು ಎಲ್ಲರ ಮನೆಯಲ್ಲೂ ಉಂಟು. ಹಳ್ಳಿಯ ಮನೆಗಳಲ್ಲಿ ಹಂಚಿನ ಸಂದಿ, ಬೆಳಕಿಂಡಿ, ಹಿತ್ತಲ ಬಾಗಿಲು ಇರುತ್ತವೆ, ಗಾಳಿ ಹೇಗೋ ಆಡುತ್ತದೆ. ಚಾಳಿನ ಖೋಲಿಗೆ ಇದ್ದದ್ದು ಒಂದು ಬಾಗಿಲು, ಒಂದು ಕಿಟಕಿ. ಅವೆರಡನ್ನೂ ಮುಚ್ಚಿದರೆ ಅದು ಖೋಲಿಯಲ್ಲ, ಪೆಟ್ಟಿಗೆ, ಕೆಂಡದ ವಿಷಗಾಳಿ ಒಳಗೇ ನಿಲ್ಲುತ್ತದೆ. ಇದು ಯಾರಿಗೂ ಹೊಳೆದಿರಲಿಲ್ಲ. ಹೊಳೆದವನು ಹೆಂಡತಿ ಮಗನನ್ನು ಕಳೆದುಕೊಂಡಿದ್ದ.

ನಾನು ಅಂದೇ ಗೌರವ್ವನ ಹತ್ತಿರ ಹೋದೆ. ನಾಗೂಬಾಯಿಯ ಕತೆ ಹೇಳಲಿಲ್ಲ. ಬಸುರಿ ಹೆಂಗಸಿನ ಮುಂದೆ ಹೇಳುವ ಕತೆಯಲ್ಲ ಅದು. ಕಿಟಕಿ ಸ್ವಲ್ಪ ತೆರೆದಿಡಿ, ಶೇಗಡಿ ಹೊರಗೆ ಗ್ಯಾಲರಿಯಲ್ಲಿ ಚೆನ್ನಾಗಿ ನಿಗಿನಿಗಿ ಆದ ಮೇಲೆ ಒಳಗೆ ತನ್ನಿ, ಕಾವು ಕೊಟ್ಟ ಕೂಡಲೆ ತೆಗೆದುಬಿಡಿ ಎಂದೆ.

ಗೌರವ್ವ ಸೌಟು ಹಿಡಿದುಕೊಂಡೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀ ಹಡದೀಯೇನು?"

ನನ್ನ ಮಾತಿಗೆ ಕಾಯದೆ ಆಕೆಯೇ ಮುಂದುವರಿಸಿದಳು.

"ನಾ ಐದು ಹಡದೇನಿ. ಹಡಿಯೂದು ನೀ ನನಗ ಕಲಸಬ್ಯಾಡ. ಕೂಸು ಹುಟ್ಟಿದ ಮ್ಯಾಲ ಹನ್ನೆರಡು ದಿನ ಈ ಕಡೆ ಹಾಯಬ್ಯಾಡವ್ವ, ಸಿಟ್ಟಾಗಬ್ಯಾಡ. ಕಣ್ಣು ಯಾರದಾದ್ರೂ ಕಣ್ಣ."

ಸಿಟ್ಟಾಗದೆ ಏನು ಮಾಡಲಿ? ಖೋಲಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಹಾಳಾಗಿ ಹೋಗಲಿ, ನನಗ್ಯಾಕೆ ಊರ ಉಸಾಬರಿ ಎಂದುಕೊಂಡೆ. ಸಾತಪ್ಪ ಕೇಳಿದಾಗ "ಹೇಳೇನ್ರಿ" ಎಂದಷ್ಟೇ ಅಂದೆ. ಆಕೆ ಕೇಳಲಿಲ್ಲ ಎಂಬುದನ್ನು ಹೇಳಲಿಲ್ಲ. ಹೇಳಬೇಕಿತ್ತು. ಅಂದಿನಿಂದ ಇಂದಿನವರೆಗೂ ಅದು ನನಗೆ ಚುಚ್ಚುತ್ತದೆ.

ಚಳಿ ಜೋರಾದ ದಿನಗಳಲ್ಲಿ ಇಂದುಬಾಯಿ ಹೆತ್ತಳು. ಹೆಣ್ಣು ಕೂಸು. ಗಂಟಲೆಂದರೆ ಗಂಟಲು, ಅತ್ತರೆ ಕೆಳಗಿನ ಗೋದಾಮಿಗೂ ಕೇಳಬೇಕು. ಅಂದು ಸಂಜೆ ಸಾತಪ್ಪ ಅಂಗಳಕ್ಕಿಳಿದು ಮೇಲೆ ನೋಡಿದ. ಮೂರನೆಯ ಕಿಟಕಿಯ ಸಂದಿಯಲ್ಲೆಲ್ಲ ಚಿಂದಿ ತುರುಕಿತ್ತು. ಆತ ಮೇಲೆ ಬಂದು ಗೌರವ್ವನ ಬಾಗಿಲ ಮುಂದೆ ನಿಂತು ತಾನೇ ಕೇಳಿಕೊಂಡ, ಕೈಮುಗಿದು ಕೇಳಿಕೊಂಡ. ಗೌರವ್ವ ಗ್ಯಾಲರಿಗೆ ಬಂದು ಆರು ಖೋಲಿಯೂ ಕೇಳುವಂತೆ ಕೂಗಿದಳು:

"ಹೇಣ್ತೀನ ಬಾಣಂತನದಾಗ ತಿಂದಾಂವ ನನ್ನ ಮಗಳ ಬಾಗಲಕ್ಕ ಬಂದಾನ! ಇನ್ನೊಮ್ಮೆ ಇತ್ತ ಹೆಜ್ಜಿ ಇಟ್ಟರ ಮಾಲಕ್ರಿಗೆ ಹೇಳಿ ಖೋಲಿ ಬಿಡಸ್ತೇನಿ!"

ಅವನ ಊರು ಸುಳಕೂಡದಲ್ಲಿ ಆಡಿಕೊಳ್ಳುವ ಸುದ್ದಿ ಇಚಲಕರಂಜಿಗೆ ಬರಲು ಎಷ್ಟು ಹೊತ್ತು? ಅವನ ಕತೆ ಆಕೆಗೆ ಯಾರಿಂದಲೋ ಗೊತ್ತಾಗಿತ್ತು. ಮಾಲಕರಾದರೂ ಅವನ ಮೇಲೆ ನೆವ ಹುಡುಕುತ್ತಿದ್ದರು. ಗೋದಾಮಿನ ಹತ್ತಿ ತೆಗೆಸಿರೆಂದು ಸಾತಪ್ಪ ಎರಡು ವರ್ಷದಿಂದ ಅವರ ಬೆನ್ನು ಹತ್ತಿದ್ದ. ಈಗ ಇನ್ನೊಂದು ಹೆಜ್ಜೆ ಇಟ್ಟರೆ ಖೋಲಿ ಹೋಗುವುದು ಖಂಡಿತ. ಯುದ್ಧದ ಆ ದಿನಗಳಲ್ಲಿ ಇನ್ನೊಂದು ಖೋಲಿ ಅವನಿಗೆ ಯಾರು ಕೊಡಬೇಕು?

ಆ ದಿನದಿಂದ ಸಾತಪ್ಪ ಹಗಲು ನಿದ್ದೆ ಬಿಟ್ಟ. ರಾತ್ರಿಯೆಲ್ಲ ಮಗ್ಗದ ಮುಂದೆ ನಿಂತು ಬಂದವನು ಮೆಟ್ಟಿಲ ಮೇಲೆ ಕುಳಿತು ಕೂಸಿನ ಅಳು ಕೇಳುತ್ತಿದ್ದ. ಎರೆಯುವಾಗ ಒಮ್ಮೆ ಅಳುತ್ತದೆ, ಕಾವು ಕೊಡುವಾಗ ಒಮ್ಮೆ, ಹಾಲು ಕುಡಿದು ಮಲಗಿ ಒಂದು ತಾಸಿಗೆ ಮತ್ತೆ. ಆ ಮೂರೂ ಅಳು ಕೇಳಿದ ಮೇಲೆ ಗೋಡೆಗೆ ತಲೆ ಆನಿಸಿ ತೂಕಡಿಸುವನು.

ಎಂಟನೆಯ ದಿನ. ಗೌರವ್ವ ಮಗಳಿಗೆ ಎರೆದು, ಕಾವಿಗೆ ಶೇಗಡಿ ಇಟ್ಟು, ಬೆಕ್ಕು ಒಳಗೆ ಹೋಗಬಾರದೆಂದು ಹೊರಗಿನಿಂದ ಚಿಲಕ ಹಾಕಿ, ಬಾಣಂತಿಯ ಬಟ್ಟೆ ಒಗೆಯಲು ಹೊಳೆಗೆ ಹೋದಳು. ಗಂಡಸರು ಮಗ್ಗಕ್ಕೆ, ಉಳಿದ ಖೋಲಿಗಳ ಹೆಂಗಸರು ಕೂಲಿಗೆ ಹೋಗಿದ್ದರು. ನಾನು ಜೋಳ ಹಸನು ಮಾಡುತ್ತ ಕುಳಿತಿದ್ದೆ. ಸಾತಪ್ಪ ಬಂದು ಬಾಗಿಲಲ್ಲಿ ನಿಂತ.

"ಮಾಣಿಕಕ್ಕಾ, ಕೂಸು ಅಳಲಿಲ್ಲ."

"ಮಲಗಿರಬೇಕ್ರಿ."

"ತಾಸಿನ ಮ್ಯಾಲಾತು. ಇಂದುಬಾಯೀನ ಕೂಗ್ರಿ."

ಹೋಗಿ ಕೂಗಿದೆ. ಎರಡು ಸಲ ಕೂಗಿದೆ, ಬಾಗಿಲು ಬಡಿದೆ. ಉತ್ತರವಿಲ್ಲ. ಬಾಣಂತಿ, ಬಿಸಿನೀರೆರೆದ ಮೈ, ಮಂಪರು ಹತ್ತಿರಬೇಕು ಎಂದೆ. ಹೇಳುತ್ತಲೇ ಇನ್ನೊಮ್ಮೆ ಬಾಗಿಲು ಬಡಿದೆ.

"ಚಿಲಕ ತೆಗದು ಒಳಗ ಹೋಗ್ರಿ ಅಕ್ಕಾ. ನಾ ಹೋಗಬಾರ್ದು. ನೀವು ಹೋಗ್ರಿ."

ನಾನು ಚಿಲಕದ ಮೇಲೆ ಕೈ ಇಟ್ಟೆ. ತೆಗೆಯಲಿಲ್ಲ. ಕಣ್ಣು ಯಾರದಾದರೂ ಕಣ್ಣೇ ಎಂದಿದ್ದಳು ಗೌರವ್ವ. ಬಂಜೆಯೊಬ್ಬಳು ಯಾರೂ ಇಲ್ಲದಾಗ ಹೊಕ್ಕು ಕೂಸಿನ ಮೇಲೆ ಕಣ್ಣು ಹಾಕಿದಳು ಎಂದು ಚಾಳೆಲ್ಲ ಆಡಿಕೊಂಡರೆ? ನಾಳೆ ಕೂಸಿಗೆ ಒಂದು ಸೀನು ಬಂದರೂ ನನ್ನ ತಲೆಗೇ. ಹಾಗೆ ಎಷ್ಟು ಹೊತ್ತು ನಿಂತೆನೋ, ಹತ್ತು ಉಸಿರು ಎಳೆಯುವಷ್ಟು ಹೊತ್ತು ಇರಬಹುದು. ಸಾತಪ್ಪ ನನ್ನ ಮುಖ ನೋಡಿದ. ಆಮೇಲೆ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ, ಚಿಲಕ ತೆಗೆದು ತಾನೇ ಒಳಗೆ ನುಗ್ಗಿದ.

ಕಿಟಕಿಯ ಬಾಗಿಲು ಗೋಡೆಗೆ ಬಡಿದ ಸದ್ದು ಕೇಳಿತು. ಮರುಗಳಿಗೆಗೆ ಕೆಂಡ ತುಂಬಿದ ಶೇಗಡಿಯನ್ನು ಬರಿಗೈಯಲ್ಲಿ ಹಿಡಿದು ಹೊರಗೆ ಬಂದ. ಇಕ್ಕಳ ಹುಡುಕಲು ಹೋಗಿರಲಿಲ್ಲ. ಕೆಳಗೆ ಓಡಿ ಉಸುಕಿನ ಡಬ್ಬಿಯಲ್ಲಿ ಕೆಂಡ ಸುರಿದ. ನಾನು ಒಳಗೆ ಹೋದೆ. ಹೊಗೆ ಇರಲಿಲ್ಲ, ವಾಸನೆಯೆಂದರೆ ಅಜವಾನದ್ದು ಮಾತ್ರ. ಇಂದುಬಾಯಿಯ ಕಣ್ಣು ಅರ್ಧ ತೆರೆದಿತ್ತು, ಕರೆದರೆ ಓಗೊಡಲಿಲ್ಲ. ಕೂಸು ಕೈಯಲ್ಲಿ ಒದ್ದೆ ಬಟ್ಟೆಯಂತೆ ಜೋತುಬಿತ್ತು. ಅದನ್ನು ಗ್ಯಾಲರಿಗೆ ತಂದು, ತಲೆ ಕೆಳಗೆ ಮಾಡಿ ಬೆನ್ನು ತಟ್ಟಿದೆ, ಪಾದ ತಿಕ್ಕಿದೆ, ಪಂಚ ನಮಸ್ಕಾರ ಮಂತ್ರ ಹೇಳಿದೆ, ಏನೇನೋ ಹೇಳಿದೆ. ಅದು ಒಮ್ಮೆ ಬಿಕ್ಕಿತು. ಆಮೇಲೆ ತನ್ನ ಆ ಗಂಟಲು ತೆಗೆದು ಅತ್ತಿತು. ಮೆಟ್ಟಿಲ ಮೇಲೆ ನಿಂತಿದ್ದ ಸಾತಪ್ಪ ಗೋಡೆಗೆ ತಲೆ ಆನಿಸಿದ.

ಗೌರವ್ವ ಹಸಿ ಬಟ್ಟೆಯ ಗಂಟು ಹೊತ್ತು ಬರುವ ಹೊತ್ತಿಗೆ ನಾನು ಕೂಸನ್ನು ತಾಯಿಯ ಮಗ್ಗುಲಿಗೆ ಹಾಕಿ ಹೊರಗೆ ಬಂದಿದ್ದೆ. ಇಂದುಬಾಯಿ ಎದ್ದು ತಲೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದಳು. ಬಾಗಿಲು ಹಾರುಹೊಡೆದಿತ್ತು, ಕಿಟಕಿ ತೆರೆದಿತ್ತು, ಸಾತಪ್ಪನ ಅಂಗೈಯ ತೊಗಲು ಸುಲಿದಿತ್ತು. ಮುಂದಿನದು ಹೇಳಬೇಕೆ? ಗೌರವ್ವನ ಬೊಬ್ಬೆಗೆ ಓಣಿಯೇ ಕೂಡಿತು. ರಾವಸಾಹೇಬರು ಧೋತರ ಎತ್ತಿ ಹಿಡಿದು ಮೇಲೆ ಬಂದರು.

"ಕಾಯ್ ಝಾಲಂ? ಏನಾಯ್ತು? ಎಲ್ಲಿ ಹತ್ತಿತ್ತು ಬೆಂಕಿ? ತೋರಸು ನೋಡೋಣ."

ತೋರಿಸಲು ಏನಿತ್ತು? ಕೌದಿಯ ಒಂದು ಎಳೆ ಸುಟ್ಟಿರಲಿಲ್ಲ. ಹೊರಸಿನ ಹಗ್ಗ ಕಪ್ಪಾಗಿರಲಿಲ್ಲ. ಕೂಸು ಗಟ್ಟಿಮುಟ್ಟಾಗಿ ಅಳುತ್ತಿತ್ತು. ಬೆಂಕಿ ಬಿದ್ದಿದ್ದರೆ ಎಲ್ಲರೂ ಅವನನ್ನು ದೇವರೆನ್ನುತ್ತಿದ್ದರು. ಬೀಳದ ಬೆಂಕಿಗೆ ಸಾಕ್ಷಿ ಎಲ್ಲಿಂದ ತರಬೇಕು? ಸಾಕ್ಷಿಯಾಗಿದ್ದವಳು ನಾನೊಬ್ಬಳೇ. ರಾವಸಾಹೇಬರು ನನ್ನ ಕಡೆ ತಿರುಗಿದರು.

"ನೀವು ಇಲ್ಲೇ ಇದ್ರೆಲ್ಲಾ ಬಾಯಿ, ಏನ್ ಕಂಡ್ರಿ?"

ಕಂಡದ್ದನ್ನು ಹೇಳಿದರೆ ನಾನು ಒಳಗೆ ಹೋದದ್ದೂ ಹೇಳಬೇಕು. ಗೌರವ್ವ ನನ್ನನ್ನೇ ನೋಡುತ್ತಿದ್ದಳು. ದಿನಾಲೂ ನಾಲ್ಕು ಮಂದಿಗೆ ಜಗಳದಲ್ಲಿ ನೀರು ಕುಡಿಸುವ ನನ್ನ ಬಾಯಿಂದ ಅಂದು ಬಂದದ್ದು ಇಷ್ಟೇ.

"ನಾ ತಡಾ ಬಂದ್ನಿ. ನನಗ ಗೊತ್ತಿಲ್ರಿ."

ಸಾತಪ್ಪ ನನ್ನ ಮುಖ ನೋಡಲಿಲ್ಲ. ಅವನು ಸಿಟ್ಟಿನಿಂದ ನೋಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಶನಿವಾರದೊಳಗೆ ಖೋಲಿ ಖಾಲಿ ಮಾಡು ಎಂದರು ರಾವಸಾಹೇಬರು. "ಹೌದ್ರಿ," ಎಂದ ಸಾತಪ್ಪ.

ಶನಿವಾರ ಮಧ್ಯಾಹ್ನ ಹೊರಟ. ಅಂಗೈಗೆ ಸುತ್ತಿದ ಚಿಂದಿಯಿಂದಾಗಿ ಟ್ರಂಕು ಹಿಡಿಯಲು ಬಾರದೆ ಕಂಕುಳಲ್ಲಿ ಇಟ್ಟುಕೊಂಡಿದ್ದ. ಬೀಳ್ಕೊಡಲು ಯಾರೂ ಹೊರಗೆ ಬರಲಿಲ್ಲ. ಅಂದೂ ಉಸುಕು ಬದಲಿಸಿ ಹೋಗಿದ್ದ, ಆ ಕೈಯಲ್ಲಿ ಹೇಗೆ ತುಂಬಿದನೋ ತಿಳಿಯದು. ಅಂಗಳದ ನಡುವೆ ನಿಂತು ಮೇಲೆ ನೋಡಿದ. ಗೌರವ್ವನ ಕಿಟಕಿ ಮತ್ತೆ ಮುಚ್ಚಿತ್ತು, ಸಂದಿಗೆ ಚಿಂದಿ. ನಾನು ಗ್ಯಾಲರಿಯಲ್ಲಿದ್ದೆ.

"ಮಾಣಿಕಕ್ಕಾ," ಎಂದು ಕೆಳಗಿನಿಂದ ಕೂಗಿದ, "ಆ ಕಿಡಕಿ..."

ನನಗೆ ಏನಾಯಿತೋ, ನಾಚಿಕೆಯೋ ಸಿಟ್ಟೋ, ನೇರ ಗೌರವ್ವನ ಖೋಲಿಗೆ ನುಗ್ಗಿದೆ. ಆಕೆ ಅಡ್ಡ ಬಂದಳು, ನೂಕಿದೆ. ಚಿಂದಿ ಕಿತ್ತು ಕಿಟಕಿ ತೆರೆದು, ಬಗ್ಗಿ ಕೂಗಿದೆ: "ತೆಗದೈತ್ರಿ ಸಾತಪ್ಪಾ! ತೆಗದೈತಿ!"

ಆತ ತಲೆಯಾಡಿಸಿ ನಡೆದ. ನಾನು ಗೌರವ್ವನ ಕಡೆ ತಿರುಗಿ ಎಲ್ಲ ಹೇಳಿದೆ. ಚಿಲಕದ ಮೇಲೆ ಕೈ ಇಟ್ಟು ನಿಂತದ್ದು, ಕೂಸು ಉಸಿರಾಡದೆ ಜೋತುಬಿದ್ದದ್ದು, ಸುಳ್ಳು ಹೇಳಿದ್ದು, ನಾಗೂಬಾಯಿಯ ಕೆಂಪು ಮುಖ, ಎಲ್ಲ. ಗೌರವ್ವ ಬೈಯಲು ಬಾಯಿ ತೆರೆದಳು. ಹೊರಸಿನ ಮೇಲಿಂದ ಇಂದುಬಾಯಿ ಹೇಳಿದಳು: "ಖರೇನ ಐತಿ ಅವ್ವಾ. ನನಗ ಎಚ್ಚರ ಇತ್ತು. ಕೂಸಿನ ಕಡೆ ಹೊರಳಬೇಕಂದ್ರ ಕೈ ಎತ್ತಾಕ ಬರಲಿಲ್ಲ. ಕನಸ ಅಂದ್ಕೊಂಡಿದ್ನಿ." ಗೌರವ್ವ ಕೂಸಿನ ಮೂಗಿನ ಮುಂದೆ ಕೈ ಹಿಡಿದು ನೋಡಿದಳು.

ನಾನು ಕೆಳಗೆ ಓಡಿದೆ. ಓಣಿಯ ತುದಿಯವರೆಗೂ ಓಡಿದೆ. ಸಾತಪ್ಪ ಇರಲಿಲ್ಲ. ಕೊಲ್ಹಾಪುರದ ಮೋಟಾರು ಹತ್ತಿದ ಎಂದು ಒಬ್ಬರು, ಇಲ್ಲ, ನಡೆದೇ ಹೋದ ಎಂದು ಇನ್ನೊಬ್ಬರು. ಆಮೇಲೆ ಯಜಮಾನರನ್ನು ಸುಳಕೂಡದವರೆಗೆ ಕಳಿಸಿ ಕೇಳಿಸಿದೆ, ಅಲ್ಲಿಗೂ ಬಂದಿರಲಿಲ್ಲ. ನಾನು ನಿಜ ಹೇಳಿದೆನೆಂಬುದು ಅವನಿಗೆ ಗೊತ್ತಾಗಲೇ ಇಲ್ಲ.

ಆ ಶನಿವಾರ ಸಂಜೆ ಚಾಳಿನಲ್ಲಿ ದೀಪ ಹಚ್ಚುವ ಹೊತ್ತಾಯಿತು. ಯಾವ ಬಾಗಿಲಲ್ಲೂ ಯಾರೂ ಬಂದು ಕೇಳಲಿಲ್ಲ. ಮೊದಲನೆಯ ಖೋಲಿ ಎಂದಿನಂತೆ ಕತ್ತಲಾಗಿತ್ತು, ಕೆಮ್ಮು ಮಾತ್ರ ಇರಲಿಲ್ಲ. ಸ್ವಲ್ಪ ಹೊತ್ತು ಕುಳಿತು ನೋಡಿದೆ, ಕೂಡಲಾಗಲಿಲ್ಲ. ಎದ್ದು ಗೌರವ್ವನ ಹೊಸ್ತಿಲ ಮುಂದೆ ಹೋಗಿ ನಿಂತೆ. ಬೈದರೆ ಬೈಯಲಿ ಎಂದುಕೊಂಡೇ ಕೇಳಿದೆ.

"ಒಲಿ ಆರೇತೇನ್ರಿ ಗೌರವ್ವಾ?"

ಕಿಟಕಿ ತೆರೆದಿತ್ತು. ಶೇಗಡಿ ಗ್ಯಾಲರಿಯಲ್ಲಿ ಬೋರಲು ಬಿದ್ದಿತ್ತು. ಗೌರವ್ವ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ತಲೆ ಎತ್ತಲಿಲ್ಲ. ತನ್ನ ಒಲೆಯ ಬಗ್ಗೆ ಜನ್ಮದಲ್ಲಿ ಬಾಯಿಂದ ತೆಗೆಯದ ಆ ಮಾತನ್ನು ಮೆಲ್ಲಗೆ ಹೇಳಿದಳು.

"ಆರೇತಿ. ನೀರ ಹಾಕೇನಿ."

ಕೇಳಬೇಕಾದವನು ಇರಲಿಲ್ಲ. ನಾನು ನಾಲ್ಕನೆಯ ಬಾಗಿಲಿಗೆ ಹೋದೆ.